ಸಿಡಿದದ್ದು ನೀಲಿ ನಕ್ಷತ್ರ

ಮೋರಖಂಡಿಯ ಕಸ್ತೂರಿಬಾಯಿ ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಪಠ್ಯದಲ್ಲಿ ಇಲ್ಲದ್ದನ್ನು ಹೇಳುವುದೆಂದರೆ ಅವರಿಗೆ ಎಲ್ಲಿಲ್ಲದ ಉಮೇದು. ತರಗತಿಯ ಗೋಡೆಯ ಮೇಲೆ ತಾವೇ ನಕ್ಷತ್ರಗಳ ಚಿತ್ರ ಬರೆದಿದ್ದರು: ಸೂರ್ಯನಿಗಿಂತ ಬಹಳ ಭಾರದ ನಕ್ಷತ್ರ ಕೊನೆಗಾಲದಲ್ಲಿ ಉಬ್ಬಿ ಕೆಂಪಾಗುತ್ತದೆ, ಆಮೇಲೆ ಸಿಡಿಯುತ್ತದೆ.

೧೯೮೭ರಲ್ಲಿ ಪಕ್ಕದ ಪುಟ್ಟ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದ ಸುದ್ದಿ ಪೇಪರಿನಲ್ಲಿ ಬಂತು. ಅದು ಕೆಂಪಲ್ಲ, ನೀಲಿ! ಕಸ್ತೂರಿಬಾಯಿ ನಗುತ್ತಲೇ ತರಗತಿಗೆ ಬಂದರು.

"ನಾ ಬರದದ್ದು ಪೂರಾ ಖರೆ ಅಲ್ಲ ನೋಡ್ರಿ. ನೀಲಿ ಇದ್ದಾಗನೂ ಸಿಡಿತದಂತ."

"ಹ್ಯಾಂಗ್ರೀ ಬಾಯಿ?" ಬೇಮಳಖೇಡದಿಂದ ದಿನಾ ಬಸ್ಸಿಗೆ ಬರುವ ಬಾಳಮ್ಮ ಕೇಳಿದಳು.

"ನನಗೂ ತಿಳೀವಲ್ದವ್ವ. ತಿಳಿದೋರಿಗೇ ಕೇಳೋಣು."

ಅಂದೇ ಖಗೋಳ ವಿಜ್ಞಾನಿಯೊಬ್ಬರಿಗೆ ಪತ್ರ ಹೋಯಿತು. ಹೆಡ್‌ಮಾಸ್ತರ ಬಸವಣಪ್ಪನವರು ಮುಖ ಗಂಟಿಕ್ಕಿದರು. "ಕಲಿಸಿದ್ದು ತಪ್ಪಂತ ಮಕ್ಕಳ ಮುಂದ ಯಾಕ ಹೇಳ್ತೀರಿ? ನಾಳೆ ನಮ್ಮ ಮಾತು ಯಾರು ಕೇಳ್ತಾರ?"

ಉತ್ತರ ಬಂದದ್ದು ಆಗಸ್ಟಿನಲ್ಲಿ, ನಾಲ್ಕು ಪುಟ. ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ಒಡೆದು ಓದತೊಡಗಿದ ಕಸ್ತೂರಿಬಾಯಿಗೆ ಮೋರಖಂಡಿ ದಾಟಿದ್ದೇ ಗೊತ್ತಾಗಲಿಲ್ಲ. ಬಸವಕಲ್ಯಾಣದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಇಳಿಯಲು ಹೇಳಿದಾಗಲೂ ಅವರ ಕಣ್ಣು ಕಾಗದದ ಮೇಲೇ ಇತ್ತು.

ಮರುದಿನ ಹುಡುಗಿಯರನ್ನು ಸುತ್ತ ಕೂರಿಸಿಕೊಂಡರು. "ಆ ಗ್ಯಾಲಕ್ಸಿಯೊಳಗ ಕಬ್ಬಿಣ, ಆಕ್ಸಿಜನ್ ಅಂಥ, ಹೀಲಿಯಂಗಿಂತ ಭಾರದ ಧಾತು ಕಡಿಮಿ ಅವ. ಅವು ಕಡಿಮಿ ಇದ್ರ ಒಳಗಿನ ಬೆಳಕು ಸಲೀಸಾಗಿ ಹೊರಗ ಬರ್ತದ. ಹಂಗಾಗಿ ನಕ್ಷತ್ರ ಭಾಳ ಉಬ್ಬದೆ, ಬಿಸಿಯಾಗಿ ನೀಲಿ ಇರ್ತದ. ಇನ್ನೊಂದು, ನಕ್ಷತ್ರದ ನಡುವ ತಯಾರಾದ ಹೀಲಿಯಂ ಮ್ಯಾಲಿನ ಪದರಿನ ತನಕ ಕಲಸಿ ಬಂದ್ರೂ ಉಬ್ಬಿದ್ದು ಕುಗ್ಗಿ ನೀಲಿ ಆಗಬಹುದಂತ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಸವಣಪ್ಪನವರು ತಡೆಯಲಾರದೆ ಒಳಗೆ ಬಂದರು. "ಎರಡರಾಗ ಯಾವ್ದು ಖರೆರಿ?"

"ಎರಡೂ ಇರಬಹುದ್ರಿ ಸರ್. ಇನ್ನೂ ಹುಡುಕಾಕತ್ತಾರ."

"ದೊಡ್ಡ ವಿಜ್ಞಾನಿಗೋಳಿಗೂ ಗೊತ್ತಿಲ್ಲ?"

"ಇಲ್ರಿ!" ಹುಡುಗಿಯರು ಒಕ್ಕೊರಲಿನಿಂದ ಕೂಗಿ ನಕ್ಕರು.

ಬಸವಣಪ್ಪನವರೂ ನಕ್ಕುಬಿಟ್ಟರು. ಮುಂದಿನ ತಿಂಗಳು ಬಸವಕಲ್ಯಾಣದ ಶಿಕ್ಷಕರ ಸಭೆಯಲ್ಲಿ ಮಾತಾಡಲು ಕಸ್ತೂರಿಬಾಯಿಯ ಹೆಸರು ಕೊಟ್ಟವರು ಅವರೇ. ಅರ್ಧ ಗಂಟೆ ಎಂದಿದ್ದ ಮಾತು ಎರಡು ಗಂಟೆ ನಡೆಯಿತು. ಚಹಾ ಆರಿಹೋದರೂ ಯಾರೂ ಏಳಲಿಲ್ಲ.