ಎಚ್ಚರಿಕೆ ತೋರಿಸದ ಪರದೆ

ಆಗ ನಾನು ಮಣಿಪಾಲದ ಒಂದು ಸಣ್ಣ ಸಂಘದಲ್ಲಿ ರಕ್ತದಾನಿಗಳ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಕಚೇರಿಯಲ್ಲಿ ಒಬ್ಬಳೇ, ಕಟಪಾಡಿಯ ಬಾಡಿಗೆ ಕೋಣೆಯಲ್ಲೂ ಒಬ್ಬಳೇ. ಬೆಳಿಗ್ಗೆ ಕಂಡಕ್ಟರಿಗೆ ‘ಮಣಿಪಾಲ’ ಎಂದವಳು ಸಂಜೆ ‘ಕಟಪಾಡಿ’ ಎನ್ನುವವರೆಗೆ ಬಾಯಿ ತೆರೆಯದ ದಿನಗಳೂ ಇದ್ದವು.

ಪಟ್ಟಿ ಇದ್ದದ್ದು ಡೇಟಾಬೇಸಿನಲ್ಲಿ. ಕಪ್ಪು ಪರದೆಯ ಮೇಲೆ ಒಂದೊಂದೇ ಆದೇಶ ಟೈಪ್ ಮಾಡಬೇಕು. ‘ಈ ಹೆಸರಿನ ಕೋಷ್ಟಕ ಆಗಲೇ ಇದೆ, ಬಿಟ್ಟು ಮುಂದೆ ಹೋಗುತ್ತಿದ್ದೇನೆ’ ಎಂಬಂಥ ಸೂಚನೆಗಳು ಸಾಲುಸಾಲಾಗಿ ಬಂದು, ನನಗೆ ಬೇಕಾದ ಉತ್ತರ ಎಲ್ಲೋ ಮೇಲೆ ಸರಿದುಹೋಗುತ್ತಿತ್ತು. ಒಂದು ದಿನ ಬೇಸತ್ತು ಸೆಟ್ಟಿಂಗ್ ಬದಲಿಸಿದೆ. ಕೆಲಸವೇ ನಿಂತುಹೋಗುವಂಥ ದೋಷವಾದರೆ ಮಾತ್ರ ತೋರಿಸು, ಬೇರೇನೂ ಬೇಡ ಎಂದು. ಸೂಚನೆಗಳ ಜೊತೆ ಎಚ್ಚರಿಕೆಗಳೂ ನಿಂತವು. ಪರದೆ ಶಾಂತವಾಯಿತು.

ಆ ವಾರವೇ ದಾನಿಯೊಬ್ಬರು ಉಚ್ಚಿಲಕ್ಕೆ ಮನೆ ಬದಲಿಸಿದರು. ಊರು ತಿದ್ದುವಾಗ, ಅವರೊಬ್ಬರದ್ದು ಮಾತ್ರ ಬದಲಿಸು ಎಂದು ತಿಳಿಸುವ ಅವರ ದಾನಿ ಸಂಖ್ಯೆ ಹಾಕಲು ಮರೆತೆ. ಪಟ್ಟಿಯಲ್ಲಿದ್ದ ಎಲ್ಲರ ಊರೂ ಉಚ್ಚಿಲವಾಯಿತು. ಕೂಡಲೇ ಬದಲಾವಣೆ ರದ್ದುಮಾಡುವ ಆದೇಶ ಕೊಟ್ಟೆ. ಪರದೆ ಏನೂ ಅನ್ನಲಿಲ್ಲ. ಸರಿಹೋಯಿತೆಂದು ನಂಬಿ ಊಟಕ್ಕೆ ಎದ್ದೆ.

ಭಾನುವಾರ ಉಚ್ಚಿಲದಲ್ಲಿ ಶಿಬಿರವಿತ್ತು. ಅಲ್ಲಿನವರಿಗೆಂದು ಶನಿವಾರ ಕಳಿಸಿದ ಮೆಸೇಜ್ ಎಲ್ಲರಿಗೂ ಹೋಯಿತು. ಕಾಪು, ಕಾರ್ಕಳ, ಉಡುಪಿಯಿಂದ ಫೋನು ಬರತೊಡಗಿತು. ಸೆಟ್ಟಿಂಗ್ ಮೊದಲಿನಂತೆ ಮಾಡಿ ಅದೇ ಆದೇಶವನ್ನು ಮತ್ತೆ ಕೊಟ್ಟು ನೋಡಿದೆ. ‘ರದ್ದುಮಾಡಲು ಏನೂ ಇಲ್ಲ’ ಎಂಬ ಎಚ್ಚರಿಕೆ ಬಂತು. ಮಾಡಿದ ಬದಲಾವಣೆ ಆ ಕ್ಷಣವೇ ಖಾಯಂ ಆಗಿಬಿಡುವ ವ್ಯವಸ್ಥೆ ಅದು; ಅಂದೂ ಇದೇ ಎಚ್ಚರಿಕೆ ಬಂದಿರಬೇಕು. ನನಗೆ ಕಾಣಿಸಲಿಲ್ಲ ಅಷ್ಟೆ. ಹಳೆಯ ಪ್ರತಿಯಿಂದ ಊರುಗಳನ್ನು ಮರಳಿ ತುಂಬಿಸಿ, ಎಲ್ಲರಿಗೂ ಕ್ಷಮೆ ಕೇಳಿ ಬರೆದೆ.

ಆದರೂ ಮರುದಿನ ಅಜೆಕಾರಿನಿಂದ ಐವತ್ತು ದಾಟಿದ ಹೆಂಗಸೊಬ್ಬರು ಶಿಬಿರಕ್ಕೆ ಬಂದು ಕೂತಿದ್ದರು. ಕಾರ್ಕಳದಲ್ಲೊಮ್ಮೆ, ಪಡುಬಿದ್ರಿಯಲ್ಲೊಮ್ಮೆ ಬಸ್ ಬದಲಿಸಿದ್ದರಂತೆ.

“ತಪ್ಪು ನನ್ನದು ಅಮ್ಮ. ಆ ಮೆಸೇಜ್ ನಿಮಗೆ ಬರಬೇಕಾದ್ದಲ್ಲ,” ಎಂದೆ.

“ಎರಡನೆಯದ್ದನ್ನೂ ಓದಿದೆ. ರಕ್ತ ಬೇಕಲ್ವಾ ನಿಮಗೆ?”

“ಬೇಕು.”

“ಮತ್ತೆ ಎಂತ? ನನಗೂ ಮನೆಯಿಂದ ಒಮ್ಮೆ ಹೊರಗೆ ಬರಬೇಕಿತ್ತು.”

ರಕ್ತ ಕೊಟ್ಟು ಜ್ಯೂಸ್ ಕುಡಿಯುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಮನೆಯಲ್ಲಿ ಯಾರೆಲ್ಲ ಉಂಟು?”

“ಯಾರೂ ಇಲ್ಲ. ನಾನೊಬ್ಬಳೇ.”

“ನಾನೂ ಹಾಗೆಯೇ. ಎರಡು ದನ ಉಂಟು, ಅವಕ್ಕೆ ಬೈದುಕೊಂಡಿರುತ್ತೇನೆ.”

ನಾನು ನಕ್ಕೆ. ಎಷ್ಟೋ ದಿನಗಳ ಮೇಲೆ ನನ್ನ ನಗು ನನಗೇ ಕೇಳಿಸಿತು. ಹೆದ್ದಾರಿಯವರೆಗೆ ಹೋಗಿ ಅವರನ್ನು ಬಸ್ಸು ಹತ್ತಿಸಿದೆ.

ಸಂಜೆ ಕೋಣೆಯಿಂದ ಫೋನು ಮಾಡಿ, ತಲುಪಿದಿರಾ ಎಂದು ಕೇಳಿದೆ. “ತಲುಪಿದೆ ಮಗಾ, ಈಗ ದನಗಳ ಕೆಲಸದ ಹೊತ್ತು, ಇಡ್ತೇನೆ,” ಎಂದರು. ಇನ್ನೂ ಸ್ವಲ್ಪ ಮಾತಾಡಬೇಕೆಂದಿತ್ತು. ಫೋನು ಕೆಳಗಿಟ್ಟು, ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದೆ.