ಕರ್ಚೀಫು ಹಾಕಿದ ಫಾರ್ಮು

“ಕಂಪ್ಯೂಟರ್ ತಪ್ಪು ಮಾಡೋಲ್ಲ, ಮನುಷ್ಯರೇ ಮಾಡೋದು” ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆಯುವವನು ನಾನು. ಅದರ ಬಂಡವಾಳ ನನಗೆ ಗೊತ್ತಿಲ್ಲವೇ?

ಜೋಗೇಶ್ವರಿಯ ನಮ್ಮ ಸಣ್ಣ ಕಂಪನಿ ಪರೇಲಿನ ಒಂದು ಆಸ್ಪತ್ರೆಗೆ ಪ್ರೋಗ್ರಾಂ ಮಾಡಿಕೊಟ್ಟಿತ್ತು. ರೋಗಿಯ ಊಟದ ಫಾರ್ಮು ಪರದೆಯ ಮೇಲೆ ಬರುತ್ತದೆ. ಡಾಕ್ಟರು ಹೇಳಿದಂತೆ ಅದನ್ನು ತಿದ್ದಿದರೆ ಅಡುಗೆಮನೆಯವರು ನೋಡಿ ತಟ್ಟೆ ಕಳಿಸುತ್ತಾರೆ. ಬರೆದವನು ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೂ ಅದು ಮುದ್ದಾಗಿಯೇ ಇತ್ತು. ಅಲ್ಲಿ ವಿಜಾಪುರ ಕಡೆಯ ಶಾಂತಾ ಟೈಪಿಸ್ಟು. ಒಬ್ಬ ಮುದುಕರಿಗೆ ಉಪ್ಪು ನಿಲ್ಲಿಸಬೇಕೆಂದು ಅವಳು ಫಾರ್ಮು ತಿದ್ದಿದಳು. ಸಂಜೆ ಉಪ್ಪು ಹಾಕಿದ ದಾಲೇ ಬಂತು. ಪುಣ್ಯಕ್ಕೆ ಅವರ ಮಗಳು ರುಚಿ ನೋಡಿ ತಡೆದಳು. ಮ್ಯಾನೇಜರು ಶಾಂತಾಳಿಗೆ ಮೆಮೋ ಕೊಟ್ಟರು: ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ.

“ನಾ ಖರೇನ ತಿದ್ದೀನ್ರಿ ಸರ, ಅದು ಎಲ್ಲಿ ಹೋತೋ ಏನೋ,” ಅಂದಳು, ವಿಚಾರಿಸಲು ಆಸ್ಪತ್ರೆಗೆ ಹೋದ ನನ್ನೆದುರು. ನಮ್ಮ ಬಾಸ್ ಫೋನಿನಲ್ಲಿ, “ಆಪರೇಟರ್ ಮಿಸ್ಟೇಕ್ ಅಂತ ಬರೆದು ಬಂದ್ಬಿಡು ಮಾರಾಯ” ಅಂದರು. ಸಿಟ್ಟು ನೆತ್ತಿಗೇರಿತು. ಬರೆಯಲಿಲ್ಲ, ಅಲ್ಲೇ ಕೂತು ನೋಡಿದೆ.

ಪಕ್ಕದ ಪರದೆ ಇನ್ನೊಬ್ಬ ಟೈಪಿಸ್ಟು ಶೆಟ್ಟರದು. ಅವರು ಒಂದು ಫಾರ್ಮು ತೆರೆದಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಖಾಲಿ ಬಿಟ್ಟರೆ ಬೇರೆಯವರು ಬಂದು ಕೂರುತ್ತಾರಲ್ಲ, ಅದಕ್ಕೆ. ಲೋಕಲ್ ರೈಲಿನಲ್ಲಿ ಸೀಟಿಗೆ ಕರ್ಚೀಫು ಹಾಕಿದ ಹಾಗೆ. ಈ ಹಕ್ಕಿನ ಬಗ್ಗೆ ಯಾವ ನ್ಯಾಯಶಾಸ್ತ್ರದಲ್ಲೂ ಒಂದಕ್ಷರವಿಲ್ಲ, ಆದರೂ ಕಾಂದಿವಲಿಯಿಂದ ಹತ್ತಿದವರೆಲ್ಲ ತಲೆಬಾಗಿ ಒಪ್ಪುತ್ತಾರೆ. ಶೆಟ್ಟರು ಚಹಾ ಕುಡಿಯುವಾಗ ಶಾಂತಾ ಅದೇ ಫಾರ್ಮನ್ನು ತನ್ನ ಪರದೆಯಲ್ಲಿ ತಿದ್ದುತ್ತಿದ್ದಳು. ಶೆಟ್ಟರು ಬಂದು ಸೇವ್ ಒತ್ತಿದರೆ, ಅವರಲ್ಲಿದ್ದ ಹಳೆಯ ಫಾರ್ಮು ಹೋಗಿ ಅವಳ ತಿದ್ದುಪಡಿಯ ಮೇಲೆ ಕೂತು ಅದನ್ನು ಅಳಿಸಿಬಿಡುತ್ತಿತ್ತು. ಪಾಪ, ಅವರಿಗೂ ಗೊತ್ತಿಲ್ಲ. ಇಬ್ಬರನ್ನೂ ಒಟ್ಟಿಗೆ ಒಳಗೆ ಬಿಟ್ಟದ್ದು ನನ್ನ ಹೆಗ್ಗಣವೇ.

ನಡುವೆ ಬೇರೆ ಯಾರಾದರೂ ತಿದ್ದಿದ್ದರೆ ಸೇವ್ ಒಪ್ಪಬಾರದು, ಮತ್ತೆ ತೆರೆಯಿರಿ ಎನ್ನಬೇಕು, ಹಾಗೆ ಪ್ರೋಗ್ರಾಂ ಬದಲಿಸಿದೆ. ಆಮೇಲೆ ಶಾಂತಾಳನ್ನೂ ಕರೆದುಕೊಂಡು ಮ್ಯಾನೇಜರ ಬಳಿ ಹೋಗಿ, ತಪ್ಪು ಇವಳದಲ್ಲ, ಮೆಮೋ ಹಿಂದಕ್ಕೆ ತಗೊಳ್ಳಿ ಅಂದೆ. ಅವರು ತಲೆಯನ್ನೂ ಎತ್ತಲಿಲ್ಲ. ಒಮ್ಮೆ ಫೈಲಿಗೆ ಹೋದದ್ದನ್ನು ತೆಗೆಯಲು ಬರುವುದಿಲ್ಲವಂತೆ. ನಾನು ಕೂಗಾಡಿದೆ. ಪ್ಯೂನ್ ಬಂದು ಬಾಗಿಲು ತೋರಿಸಿದ.

ಹೊರಗೆ ನಾನಿನ್ನೂ ಕುದಿಯುತ್ತಲೇ ಇದ್ದೆ. ಶಾಂತಾ ಸೆರಗು ಸರಿಮಾಡಿಕೊಂಡು ಅಂದಳು: “ನೀವು ರಿಪೇರಿ ಮಾಡಾಕ ಅವಸರ ಮಾಡಿದ್ರಿ ಸರ. ಮೊದಲ ಆ ಮೆಮೋನೂ ಕಂಪ್ಯೂಟರ್‌ನ್ಯಾಗ ಹಾಕಿಸಬೇಕಿತ್ತು. ತಾನ ಹೋಗ್ತಿತ್ತು.”