ಒಂದು ಒಲೆಗೆ ಒಂದು ಚೀಟಿ

ಕೊಟ್ಟಿಗೆಯ ಸಗಣಿ ಬಾಚಬೇಕು. ಎಮ್ಮೆಗೆ ಹುಲ್ಲು ಹಾಕಿ ಹಾಲು ಕರೆಯಬೇಕು. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಎಳೆಯಬೇಕು, ಬೋರ್‌ವೆಲ್ಲಿನಿಂದ ಕೊಡ ತುಂಬಿ ತರಬೇಕು, ಒಲೆಯ ಬೂದಿ ತೆಗೆದು ಉರಿ ಹಚ್ಚಬೇಕು. ಅತ್ತೆಗೆ ಕಾಫಿ, ಪಾಂಡವಪುರದ ಕಚೇರಿಗೆಂದು ಮೊದಲ ಬಸ್ಸು ಹಿಡಿಯುವ ಮೈದುನನಿಗೆ ಬುತ್ತಿ. ಇದರ ನಡುವೆ, ಕುಡಿದು ಬಂದ ಗಂಡ ಜಗಲಿಯ ಮೂಲೆಯಲ್ಲಿ ಕಕ್ಕಿದ್ದರೆ ಯಾರೂ ಏಳುವ ಮೊದಲೇ ಅದನ್ನು ಬಳಿದು ಸಾರಿಸಬೇಕು. ಇಷ್ಟಾದ ಮೇಲೆ ಇಂದ್ರಮ್ಮನಿಗೆ ಬೆಳಗಾಗುತ್ತಿತ್ತು. ಓರಗಿತ್ತಿ ವೀಣ ಎದ್ದು ಬರುತ್ತಿದ್ದುದೂ ಆಗಲೇ.

"ನನ್ನೂ ಒಂದು ಕೂಗು ಕೂಗಬಾರ್ದಾ ಅಕ್ಕ?" ಎಂದು ದಿನವೂ ಕೇಳುತ್ತಿದ್ದಳು ವೀಣ. ದಿನವೂ ಕೂಗಿದ್ದು ಅವಳಿಗೆ ಕೇಳಿಸಿರುತ್ತಿರಲಿಲ್ಲ.

ಕಿಕ್ಕೇರಿ ಪಕ್ಕದ ಆ ಹಳ್ಳಿಯಲ್ಲಿ ಅಣ್ಣ ಹುಚ್ಚಣ್ಣ, ತಮ್ಮ ತಿಮ್ಮೇಶ, ತಾಯಿ ಚಿಕ್ಕಬೋರಮ್ಮ ಎಲ್ಲರೂ ಒಂದೇ ಸೂರಿನಡಿ ಇದ್ದರು. ಇಂದ್ರಮ್ಮ ಹಿರಿಯ ಸೊಸೆ. ಅವಳ ಮಗಳು ಕೆ.ಆರ್. ಪೇಟೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹುಚ್ಚಣ್ಣ ಹಗಲು ಗದ್ದೆಯಲ್ಲಿರುತ್ತಿದ್ದ, ಸಂಜೆ ಪ್ಯಾಕೆಟ್ ಸಾರಾಯಿಗೆ ಕಿಕ್ಕೇರಿಯಲ್ಲಿ. ತಿಮ್ಮೇಶ ಕುಡಿಯುತ್ತಿರಲಿಲ್ಲ, ಬಸ್ಸಿಳಿದು ಬರುವಾಗ ಹೆಂಡತಿಗೆ ಮಲ್ಲಿಗೆ ತರುತ್ತಿದ್ದ. ಆ ಹೂವಿನ ಪೊಟ್ಟಣ ಕಂಡರೆ ಇಂದ್ರಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದಕ್ಕವಳು ಒಗ್ಗಿಹೋಗಿದ್ದಳು.

ತೊಂಬತ್ತಾರನೇ ಇಸವಿಯಲ್ಲಿ, ಕುಯಿಲು ಮುಗಿದ ಮೇಲೆ, ಹೆಗಲಿಗೆ ಚೀಲ ಹಾಕಿಕೊಂಡು ರಂಜಿತ ಎಂಬ ಹುಡುಗಿ ಬಂದಳು. ಮೈಸೂರಿನಲ್ಲಿ ಸಂಶೋಧನೆ ಮಾಡುವವಳು.

"ಸಿಟ್ಟು, ದುಃಖ ಬಂದಾಗ ಜನ ಅದನ್ನ ಹೇಗೆ ಸಂಭಾಳಿಸ್ತಾರೆ, ಅದಕ್ಕೂ ಮನೆಯಲ್ಲಿನ ಕುಡಿತಕ್ಕೂ ಏನು ನಂಟು ಅಂತ ಲೆಕ್ಕ ಹಾಕ್ತೀವಿ" ಎಂದಳು. "ಒಂದು ಒಲೆ ಅಂದ್ರೆ ನಮಗೆ ಒಂದು ಮನೆ. ಮನೆಗೆ ಒಬ್ಬರು. ಯಾರು ಅಂತ ಚೀಟಿ ಎತ್ತಿ ತಿಳ್ಕೋತೀವಿ. ದಿನಾ ಸಂಜೆ ಬಂದು ಅವರನ್ನ ಮಾತಾಡಿಸ್ತೀನಿ."

ಚೀಟಿ ಹಾಕಲು ಚೊಂಬು ತಂದುಕೊಟ್ಟವಳು ಇಂದ್ರಮ್ಮ. ಎತ್ತಿದವಳು ಅತ್ತೆ. ಬಂದದ್ದು ವೀಣಳ ಹೆಸರು.

"ನನ್ ಯೆಸ್ರು ಬರ್ಬಾರ್ದಾಗಿತ್ತಾ? ಪ್ಯಾಕೀಟು ಮುಂದಿಟ್ಕಂಡೇ ಯೋಳ್ತಿದ್ದೆ ಕನವ್ವ!" ಎಂದ ಹುಚ್ಚಣ್ಣ. ಎಲ್ಲರೂ ನಕ್ಕರು. ಇಂದ್ರಮ್ಮ ಚೊಂಬು ತೊಳೆಯಲು ಒಳಗೆ ಹೋದಳು.

ಮೊದಲ ಸಂಜೆ ರಂಜಿತ ಸಿಟ್ಟಿಗೆ ಒಂದರಿಂದ ಐದರವರೆಗೆ ಅಂಕ ಕೊಡಿ ಎಂದಳು. ವೀಣ ಎಲ್ಲದಕ್ಕೂ ಐದು ಕೊಟ್ಟಳು, ಪರೀಕ್ಷೆಯಲ್ಲಿ ಪಾಸು ಮಾಡಿಸುವವಳಂತೆ. ರಂಜಿತ ಯೋಚಿಸಿ, ಕಾಳು ಅಳೆಯುವ ಮಾನಗಳಿದ್ದರೆ ತನ್ನಿ ಎಂದಳು. ಇಂದ್ರಮ್ಮ ಅಟ್ಟದಿಂದ ಇಳಿಸಿ, ಒರೆಸಿ, ಚಟಾಕು, ಪಾವು, ಅಚ್ಚೇರು, ಸೇರು, ಬಳ್ಳ ಎಲ್ಲವನ್ನೂ ಜಗಲಿಯ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಳು.

"ಇವತ್ತು ನಿಮಗೆ ಬಂದ ಸಿಟ್ಟು ಯಾವುದರಷ್ಟು?"

ವೀಣ ನಾಚಿಕೊಂಡು ಚಟಾಕು ಮುಟ್ಟಿದಳು.

ಅಂದಿನಿಂದ ವೀಣಳ ಸಂಜೆಗೆಲಸಗಳೂ ಇಂದ್ರಮ್ಮನ ಪಾಲಿಗೆ ಬಂದವು. ಮಾನಗಳನ್ನು ಇಡುವವಳೂ ಅವಳೇ, ಎತ್ತುವವಳೂ ಅವಳೇ, ಇಬ್ಬರಿಗೂ ಕಾಫಿ ಕೊಡುವವಳೂ ಅವಳೇ. ಅವಳಿಗೆ ತಡೆಯಲಾಗದೆ ಹೋದದ್ದು ಆ ಕೆಲಸವಲ್ಲ. ಒಂದು ಪ್ರಶ್ನೆ ಕೇಳಿದ ಮೇಲೆ ರಂಜಿತ ಪೆನ್ನು ಹಿಡಿದು ಸುಮ್ಮನೆ ಕೂರುತ್ತಿದ್ದಳಲ್ಲ, ವೀಣ ಬಾಯಿ ತೆರೆಯುವವರೆಗೆ ಕಾಯುತ್ತ, ಅದು. ಆ ಮನೆಯಲ್ಲಿ ಒಬ್ಬ ಹೆಂಗಸಿನ ಉತ್ತರಕ್ಕಾಗಿ ಹಾಗೆ ಕಾದು ಕೂತವರನ್ನು ಇಂದ್ರಮ್ಮ ನೋಡಿರಲಿಲ್ಲ. ಬಾಗಿಲ ಹಿಂದೆ ಊದುಗೊಳವೆ ಹಿಡಿದು ನಿಂತು, ಅದೇ ಪ್ರಶ್ನೆಗೆ ಮನಸ್ಸಿನಲ್ಲೇ ಬಳ್ಳ ಎನ್ನುತ್ತಿದ್ದಳು. ಹೊರಗೆ ವೀಣ ಮತ್ತೆ ಚಟಾಕು ಎನ್ನುತ್ತಿದ್ದಳು.

ಒಂದು ಸಂಜೆ ಮಾತ್ರ ವೀಣಳ ಕೈ ಸೇರಿನ ಮೇಲೆ ಹೋಯಿತು.

"ಬೆಳಿಗ್ಗೆ ತಡಿನಾರ್ದಷ್ಟು ಸಿಟ್ಟು ಬಂತು. ಆಗ ಕೊಟ್ಗೆಗೋಗಿ ಎಮ್ಮೆ ಕಿವಿಲಿ ಎಲ್ರುನ್ನೂ ಬೈದ್ಬುಟ್ಟು ಬಂದೆ. ಆಮ್ಯಾಕೆ ಮನ್ಸು ಅಗುರಾಯ್ತು."

"ತುಂಬ ಚೆನ್ನಾಗಿ ಹೇಳಿದ್ರಿ" ಎಂದು ರಂಜಿತ ಸರಸರ ಬರೆದುಕೊಂಡಳು.

ಕಾಫಿ ತರುತ್ತಿದ್ದ ಇಂದ್ರಮ್ಮ ಲೋಟಗಳನ್ನು ಹೊಸ್ತಿಲ ಮೇಲೇ ಇಟ್ಟು ಒಳಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಆ ಕೊಟ್ಟಿಗೆಯ ಕತ್ತಲೆಯಲ್ಲಿ ಎಮ್ಮೆಯ ಕಿವಿಗೆ ಬಾಯಿಟ್ಟು ಬೈದವಳು ಅವಳು. ಅದೊಂದು ಗುಟ್ಟನ್ನು ವೀಣಳನ್ನು ನಂಬಿ ಹೇಳಿಕೊಂಡಿದ್ದಳು.

ರಂಜಿತ ಹೋದ ಮೇಲೆ ಬಚ್ಚಲ ಕಲ್ಲಿನ ಹತ್ತಿರ ಓರಗಿತ್ತಿಯನ್ನು ಹಿಡಿದಳು. "ನಮ್ಮೆಮ್ಮೆ ಯಾವ ಕಿವಿ ಮುಟ್ಟುದ್ರೆ ಒದೀತದೆ? ಯೋಳಮ್ಮಿ, ನೋಡವ."

"ಅಯ್ಯೋ, ದಿನಾ ಚಟಾಕು ಚಟಾಕು ಅಂದ್ರೆ ಆವಮ್ಮಂಗೆ ಬ್ಯಾಸ್ರ ಆಗಕಿಲ್ವಾ? ನಿನ್ತಾವ ಬೇಕಾದಂಗದೆ ಕನಕ್ಕ. ನಾನೊಂಚೂರ್ ತಕ್ಕಂಡ್ರೆ ಏನಾದದು?"

"ಉಪ್ಪು ಕಡ ತಕ್ಕಂಡಂಗೆ ನನ್ ಸಿಟ್ಟೂ ತಕ್ಕತೀಯಾ? ಉಪ್ಪಾದ್ರೂ ವಾಪಸ್ ಕೊಡ್ತರೆ ಕನಮ್ಮಿ."

ಮರುದಿನ ಹುಲ್ಲಿನ ಹೊರೆ ಹೊತ್ತು ಬಸ್ಸು ನಿಲ್ಲುವಲ್ಲಿಗೇ ಹೋಗಿ ಕಾದಳು. ರಂಜಿತ ಇಳಿಯುತ್ತಿದ್ದಂತೆ, "ನನ್ನೂ ಕೇಳವ್ವ" ಎಂದಳು.

"ಆಗಲ್ಲ ಇಂದ್ರಮ್ಮ. ಚೀಟಿ ಬಂದವರನ್ನೇ ಕೇಳಬೇಕು. ನನಗೆ ಬೇಕೆನಿಸಿದವರನ್ನ ಸೇರಿಸಿದ್ರೆ ಲೆಕ್ಕ ಸುಳ್ಳಾಗುತ್ತೆ."

"ಈಗ್ಲೇ ಸುಳ್ಳಾಗದೆ. ಎಮ್ಮೆ ಮಾತು ನಂದು. ಆ ಸೇರೂ ನಂದು."

ಹೇಳಿಬಿಟ್ಟಳು. ರಂಜಿತಳ ಮುಖ ಇಳಿಯಿತು. ಕಲ್ಲಿನ ಮೇಲೆ ಕೂತು, "ಹಾಗಾದ್ರೆ ನಿಮ್ಮ ಮನೆಯನ್ನೇ ಲೆಕ್ಕದಿಂದ ಬಿಡಬೇಕಾಗುತ್ತೆ" ಎಂದಳು. "ನಿಮ್ಮದು ಬೇರೆ ಒಲೆ ಆಗಿದ್ದಿದ್ರೆ ನಿಮಗೂ ಒಂದು ಚೀಟಿ ಇರ್ತಿತ್ತು. ಈಗ ಊರಿನ ಎಣಿಕೆ ಮುಗಿದುಹೋಗಿದೆ, ಏನೂ ಮಾಡೋಕಾಗಲ್ಲ."

ರಂಜಿತ ಎದ್ದು ಪಕ್ಕದ ಬೀದಿಯ ಬೇರೆ ಮನೆಗೆ ಹೋದಳು. ವೀಣಗೂ ಇಲ್ಲ, ನನಗೂ ಇಲ್ಲ ಎಂದುಕೊಂಡಾಗ ಇಂದ್ರಮ್ಮನಿಗೆ ಹಾಯೆನಿಸಿತು. ಮನೆಗೆ ಬಂದರೆ ವೀಣ ಮಲ್ಲಿಗೆ ಮುಡಿದು ಜಗಲಿಯಲ್ಲಿ ಕೂತಿದ್ದಳು. ಅಂದು ತಾನೇ ಮಾನಗಳನ್ನು ಸಾಲಾಗಿ ಇಟ್ಟುಕೊಂಡಿದ್ದಳು.

"ಇನ್ನೂ ಬರ್ನಿಲ್ವಲ್ಲಕ್ಕ ಆವಮ್ಮ?"

ಇಂದ್ರಮ್ಮ ಹೊರೆ ಇಳಿಸಿ ಎಮ್ಮೆಗೆ ಹುಲ್ಲು ಹಾಕಲು ಹೋದಳು. ಕತ್ತಲಾದ ಮೇಲೆ ಆ ಮಾನಗಳನ್ನು ಎತ್ತಿಟ್ಟವಳು ಅವಳೇ.

ಮರುದಿನ ಬೆಳಕು ಹರಿಯುವ ಮುನ್ನ ಸಗಣಿ ಬಾಚಿದಳು, ಹಾಲು ಕರೆದಳು, ರಂಗೋಲಿ ಎಳೆದಳು, ಕೊಡ ತುಂಬಿದಳು. ಜಗಲಿಯ ಮೂಲೆಯಲ್ಲಿ ಗಂಡ ಕಕ್ಕಿದ್ದು ಹಾಗೇ ಇತ್ತು. ದಾಟಿಕೊಂಡು ಒಳಗೆ ಹೋದಳು. ಒಲೆಯ ಬೂದಿ ತೆಗೆದು, ಕಡ್ಡಿ ಗೀರಲೆಂದು ಬೆಂಕಿಪೊಟ್ಟಣ ಹಿಡಿದವಳು ಹಾಗೇ ಕೂತಳು. ಈಗ ಒಲೆ ಬೇರೆ ಮಾಡಿದರೆ ರಂಜಿತಳ ಚೀಟಿಯೇನೂ ಬರುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ಎದ್ದು, ಒಂದು ಪಾತ್ರೆಯನ್ನೂ ರಾಗಿಹಿಟ್ಟಿನ ಡಬ್ಬವನ್ನೂ ಪಾವನ್ನೂ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಕೊಟ್ಟಿಗೆಯ ಗೋಡೆಗೆ ಮೂರು ಕಲ್ಲು ಜೋಡಿಸಿ ಉರಿ ಹಚ್ಚಿದಳು. ಎಮ್ಮೆ ತಲೆಯೆತ್ತಿ ನೋಡಿತು. ಅವಳು ಅದರ ಹತ್ತಿರ ಹೋಗಲಿಲ್ಲ.

ಒಳಗಿನಿಂದ ಚಿಕ್ಕಬೋರಮ್ಮನ ದನಿ ಬಂತು. "ಇಂದ್ರಾ, ಕಾಪಿ ಆಗ್ನಿಲ್ವೇನೇ? ತಿಮ್ಮಂಗೆ ಬಸ್ಸಿನ್ ವೊತ್ತಾಯ್ತು!"

ನೀರು ಮರಳತೊಡಗಿತು. ಇಂದ್ರಮ್ಮ ಒಂದು ಪಾವು ಹಿಟ್ಟು ಅಳೆದು ಸುರಿದಳು. ರೂಢಿಯಂತೆ ಕೈ ಗಂಡನ ಪಾಲಿಗೆಂದು ಮತ್ತೆ ಡಬ್ಬಕ್ಕೆ ಇಳಿಯಿತು, ಪಾವು ತುಂಬಿಕೊಂಡೂ ಬಂತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಅದನ್ನು ಡಬ್ಬಕ್ಕೇ ಸುರಿದು, ಮುಚ್ಚಳ ಹಾಕಿ, ಮುದ್ದೆ ತಿರುವಲು ಕೂತಳು.